ಆನ್‌ಲೈನ್ ಪಾಠದ ಹಿಡಿತ ಕಲಿಯುವವರ ಕೈಗೆ ಬರಲಿ

ಮಾನ್ಯ ಸಂಪಾದಕರೇ,

ಶಾಲೆ, ಕಾಲೇಜು ಮತ್ತು ಇಲಾಖೆಗಳ ತರಬೇತಿಯಲ್ಲಿ ದೊಡ್ಡ ಪಾಲು ಈಗ ಆನ್‌ಲೈನ್‌ಗೆ ಬಂದಿದೆ. ಈ ಪಾಠಗಳನ್ನು ಯಾರು ತಯಾರಿಸಬೇಕು, ಅದಕ್ಕೆ ಎಷ್ಟು ಖರ್ಚಾಗುತ್ತದೆ, ಎಷ್ಟು ಮಂದಿ ಹೆಸರು ನೋಂದಾಯಿಸಿದರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಆದರೆ ಪಾಠವೊಂದು ಪರದೆಯ ಮೇಲೆ ತೆರೆದ ನಂತರ ಅದನ್ನು ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು, ಗೊತ್ತಿರುವ ಭಾಗವನ್ನು ದಾಟಿ ಮುಂದೆ ಹೋಗುವುದು, ನೆಟ್‌ವರ್ಕ್ ಇದ್ದಾಗ ಇಳಿಸಿಟ್ಟುಕೊಂಡು ಇಲ್ಲದಾಗ ನೋಡುವುದು, ಇವೆಲ್ಲ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಜಾಗ ಸಿಕ್ಕಿಲ್ಲ. ಶಿರಸಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿಯಾಗಿರುವ ನನಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಇವು ಕಲಿಯುವವರ ಕೈಯಲ್ಲೇ ಇರಬೇಕು, ಸಾರ್ವಜನಿಕರ ಹಣದಿಂದ ತಯಾರಾಗುವ ಅಥವಾ ಕೊಳ್ಳುವ ಪ್ರತಿಯೊಂದು ಆನ್‌ಲೈನ್ ಪಾಠಕ್ಕೂ ಇದನ್ನು ಷರತ್ತಾಗಿ ವಿಧಿಸಬೇಕು ಎಂದು ಆಗ್ರಹಿಸಲು ಈ ಪತ್ರ ಬರೆಯುತ್ತಿದ್ದೇನೆ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ಮೇಲೆ ಅವುಗಳಲ್ಲಿ ಅನೇಕ ಕಡೆ ಕಂಪ್ಯೂಟರ್, ಇಂಟರ್‌ನೆಟ್ ಬಂದಿವೆ. ಪತ್ರಿಕೆ ಓದಲು ಬರುವ ಹಿರಿಯರ ಜೊತೆಗೆ ಈಗ ಡಿಗ್ರಿ ಓದುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರು, ಹಳ್ಳಿ ಮಟ್ಟದಲ್ಲಿ ಕೆಲಸ ಮಾಡುವ ಕಾರ್ಯಕರ್ತೆಯರು ಆನ್‌ಲೈನ್ ಪಾಠಕ್ಕಾಗಿಯೇ ಬಂದು ಕೂರುತ್ತಾರೆ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದು, ಅದು ಬೆಳಿಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗಿಬಿಡುವ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ಬಂದವರು ಏನು ಕಲಿಯುತ್ತಾರೆ ಎಂಬುದಕ್ಕಿಂತ ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದು ನನಗೆ ಹೆಚ್ಚು ಕಾಣುತ್ತದೆ, ಏಕೆಂದರೆ ಸಿಕ್ಕಿಕೊಂಡಾಗ ಅವರು ನನ್ನನ್ನು ಕರೆಯುತ್ತಾರೆ.

ಬಿ.ಎಸ್ಸಿ. ಓದುತ್ತಿರುವ ಒಬ್ಬ ಹುಡುಗಿ ಒಂದು ಆನ್‌ಲೈನ್ ಕೋರ್ಸಿನಲ್ಲಿ ಸಂಖ್ಯಾಶಾಸ್ತ್ರ ಕಲಿಯುತ್ತಿದ್ದಳು. ಸರಾಸರಿ ತೆಗೆಯುವುದು ಅವಳಿಗೆ ಚೆನ್ನಾಗಿ ಗೊತ್ತು, ವಿಚಲನೆಗಳನ್ನು, ಅಂದರೆ ಪ್ರತಿ ಅಂಕಿಗೂ ಸರಾಸರಿಗೂ ಇರುವ ವ್ಯತ್ಯಾಸಗಳನ್ನು, ವರ್ಗ ಮಾಡಿ ಕೂಡಿಸುವುದೂ ಗೊತ್ತು. ಕೊನೆಯಲ್ಲಿ ಅಂಕಿಗಳ ಒಟ್ಟು ಸಂಖ್ಯೆಯಿಂದ ಭಾಗಿಸುವ ಬದಲು ಅದಕ್ಕಿಂತ ಒಂದು ಕಡಿಮೆಯಿಂದ ಏಕೆ ಭಾಗಿಸಬೇಕು ಎಂಬುದಷ್ಟೇ ತಿಳಿದಿರಲಿಲ್ಲ. ನಲವತ್ತು ನಿಮಿಷದ ಆ ವಿಡಿಯೊದಲ್ಲಿ ಇದರ ವಿವರಣೆ ಇದ್ದದ್ದು ಮೂರು ನಿಮಿಷ. ಆ ಮೂರು ನಿಮಿಷ ಓಡುತ್ತಿರುವಾಗಲೇ ಕರೆಂಟ್ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗುತ್ತದೆ. ಮರುದಿನ ಬಂದು ಲಾಗಿನ್ ಆದಾಗ ವಿಡಿಯೊ ಮತ್ತೆ ಮೊದಲಿನಿಂದ ಶುರುವಾಯಿತು. ಕೆಳಗಿನ ಗೆರೆಯನ್ನು ಎಳೆದು ಮುಂದೆ ಹೋಗೋಣವೆಂದರೆ ಅದು ಕದಲುವುದಿಲ್ಲ, ವೇಗ ಹೆಚ್ಚಿಸಲೂ ಆಗುವುದಿಲ್ಲ. ತಿಳಿದಿದ್ದ ಇಪ್ಪತ್ತೈದು ನಿಮಿಷವನ್ನು ಪುನಃ ನೋಡಿ ಬೇಕಾದ ಜಾಗಕ್ಕೆ ಬರುವಷ್ಟರಲ್ಲಿ ಅವಳ ಬಸ್ಸಿನ ಹೊತ್ತಾಗಿತ್ತು. 'ಅಕ್ಕೋರೆ, ಆ ಮೂರು ನಿಮಿಷ ಇನ್ನೊಂದ್ಸಲ ಸಿಕ್ಕಿದ್ರೆ ಸಾಕಾಗಿತ್ತು' ಎಂದು ಹೇಳಿ ಚೀಲ ಎತ್ತಿಕೊಂಡು ಹೋದಳು. ಹದಿನೈದು ರೂಪಾಯಿಯ ಹಳೆಯ ಗೈಡ್ ಪುಸ್ತಕವೂ ಬೇಕಾದ ಪುಟವನ್ನು ಬೇಕಾದಾಗ ತೆರೆಯಲು ಬಿಡುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು.

ಗಡುವಿನ ವಿಷಯವೂ ಇದೇ ಸ್ವರೂಪದ್ದು. ಘಟ್ಟದ ಮೇಲೆ ಮತ್ತು ಕರಾವಳಿಯಲ್ಲಿ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ಶಾಲೆ ಕಾಲೇಜುಗಳಿಗೆ ರಜೆ ಘೋಷಿಸುತ್ತಾರೆ. ಹೊಳೆ ದಾಟಿ ಬರುವ ಮಕ್ಕಳ, ಗುಡ್ಡದ ಕೆಳಗಿನ ರಸ್ತೆಯಲ್ಲಿ ಓಡಾಡುವ ಬಸ್ಸುಗಳ ಯೋಚನೆ ಆ ಆದೇಶದ ಹಿಂದೆ ಇರುತ್ತದೆ. ಆದರೆ ಅದೇ ದಿನ ರಾತ್ರಿ ಹನ್ನೆರಡಕ್ಕೆ ಮುಚ್ಚಬೇಕಾದ ಆನ್‌ಲೈನ್ ಅಸೈನ್‌ಮೆಂಟ್ ಯಾವ ರಜೆಯನ್ನೂ ಲೆಕ್ಕಿಸದೆ ಹನ್ನೆರಡಕ್ಕೇ ಮುಚ್ಚುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಗಿ, ಕರಾವಳಿಯ ಸಂಚಾರವೇ ಅಸ್ತವ್ಯಸ್ತವಾದದ್ದನ್ನು ಓದುಗರು ಮರೆತಿರಲಾರರು. ಅಂಥ ವಾರದಲ್ಲಿ ಪಾಠ ಮುಗಿಸಲಾಗದ ವಿದ್ಯಾರ್ಥಿಯನ್ನು ತರಗತಿಯ ಅಧ್ಯಾಪಕರು ಯಾರೂ ಗದರುವುದಿಲ್ಲ. ಯಂತ್ರ ಅವನನ್ನು ಸುಮ್ಮನೆ ಹೊರಗಿಡುತ್ತದೆ, ಕಾರಣ ಹೇಳಲು ಒಂದು ಜಾಗವನ್ನೂ ಕೊಡುವುದಿಲ್ಲ.

ಇನ್ನೊಂದು ಉದಾಹರಣೆ ವಯಸ್ಕರದ್ದು. ಹಳ್ಳಿಯ ತಾಯಂದಿರ ಮತ್ತು ಮಕ್ಕಳ ನಡುವೆ ವರ್ಷಗಳಿಂದ ಕೆಲಸ ಮಾಡುತ್ತಿರುವ ಒಬ್ಬ ಕಾರ್ಯಕರ್ತೆ ಕಡ್ಡಾಯ ತರಬೇತಿಯ ವಿಡಿಯೊಗಳನ್ನು ನೋಡಲು ನಮ್ಮ ಕೇಂದ್ರಕ್ಕೆ ಬರುತ್ತಿದ್ದರು. ಭೇದಿಯಾದ ಮಗುವಿಗೆ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಹೇಗೆ ಬೆರೆಸಬೇಕು ಎಂಬುದನ್ನು ಅವರು ಊರಿಗೆಲ್ಲ ಕಲಿಸಿದವರು. ಆ ಪಾಠವನ್ನು ಅವರು ಆದಿಯಿಂದ ಅಂತ್ಯದವರೆಗೆ ನೋಡಲೇಬೇಕಾಗಿತ್ತು, ಏಕೆಂದರೆ ಮುಂದಿನ ಪಾಠದ ಬೀಗ ತೆರೆಯುವುದು ಹಿಂದಿನದು ಪೂರ್ತಿ ಓಡಿದ ಮೇಲೆಯೇ. ಅವರು ನಿಜವಾಗಿ ಕಲಿಯಬೇಕಾಗಿದ್ದದ್ದು ಮೊಬೈಲಿನಲ್ಲಿ ಹೊಸದಾಗಿ ತುಂಬಬೇಕಾದ ಒಂದು ನಮೂನೆಯನ್ನು. ಯಾವ ಮನೆಯನ್ನು ಯಾವ ಪಟ್ಟಿಯಡಿ ಸೇರಿಸಬೇಕು, ತಪ್ಪಿ ಒತ್ತಿದರೆ ಹಿಂದೆ ಬರುವುದು ಹೇಗೆ ಎಂಬುದು ಅವರಿಗೆ ಕಷ್ಟವಾಗಿತ್ತು. ಅದನ್ನು ತೋರಿಸುವ ಭಾಗ ಚುರುಕಾಗಿ ಓಡಿ ಮುಗಿದು ನೇರವಾಗಿ ಪ್ರಶ್ನೆಗಳಿಗೆ ಹೋಯಿತು. ಪ್ರಶ್ನೆಯ ಪುಟದಿಂದ ಪಾಠಕ್ಕೆ ಮರಳುವ ದಾರಿ ಇರಲಿಲ್ಲ. ಗೊತ್ತಿದ್ದದ್ದನ್ನು ಬಿಡಲು ಆಗಲಿಲ್ಲ, ಗೊತ್ತಿಲ್ಲದ್ದನ್ನು ಮತ್ತೊಮ್ಮೆ ನೋಡಲೂ ಆಗಲಿಲ್ಲ. ಕೊನೆಗೆ ಸರ್ಟಿಫಿಕೇಟ್ ಬಂತು, ನಮೂನೆ ತುಂಬುವುದನ್ನು ನಾನೂ ಅವರೂ ಕೂತು ಬಿಡಿಸಿ ಬಿಡಿಸಿ ಕಲಿತೆವು.

ಇಂಥ ಬೀಗಗಳನ್ನು ಹಾಕುವವರಿಗೆ ಅವರದೇ ಆದ ಕಾರಣಗಳಿವೆ ಎಂಬುದನ್ನು ನಾನು ಬಲ್ಲೆ. ತರಬೇತಿ ನಡೆಯಿತು ಎಂಬುದಕ್ಕೆ ಮೇಲಿನವರಿಗೆ ಲೆಕ್ಕ ಕೊಡಬೇಕು. ಎಷ್ಟು ಮಂದಿ ಪೂರ್ತಿ ನೋಡಿದರು ಎಂಬ ಅಂಕಿ ಯಂತ್ರದಿಂದ ಸುಲಭವಾಗಿ ಸಿಗುತ್ತದೆ, ಎಷ್ಟು ಮಂದಿ ಕಲಿತರು ಎಂಬುದು ಸಿಗುವುದಿಲ್ಲ. ಹಾಗಾಗಿ ಸುಲಭಕ್ಕೆ ಸಿಗುವ ಅಂಕಿಯೇ ಕಲಿಕೆಯ ಸ್ಥಾನದಲ್ಲಿ ಕುಳಿತಿದೆ. ವಿಡಿಯೊ ಹಚ್ಚಿಟ್ಟು ಪಕ್ಕದವರ ಜೊತೆ ಮಾತಾಡುತ್ತ ಕೂತವರೂ ಆ ಲೆಕ್ಕದಲ್ಲಿ ಪೂರ್ತಿ ನೋಡಿದವರೇ ಆಗುತ್ತಾರೆ. ಇದರಲ್ಲಿ ಕಲಿಯುವವರನ್ನು ದೂರಿ ಪ್ರಯೋಜನವಿಲ್ಲ. ಬಿಡುವಂತಿಲ್ಲದ, ಬೇಕಾದಂತೆ ತಿರುಗಿಸುವಂತೆಯೂ ಇಲ್ಲದ ಪಾಠದ ಮುಂದೆ ಯಾರಾದರೂ ಕೊನೆಗೆ ಮಾಡುವುದು ಅದನ್ನೇ.

ಈ ಬೀಗಗಳು ತಂತ್ರಜ್ಞಾನದ ಅನಿವಾರ್ಯ ಗುಣವೇನೂ ಆಗಿಲ್ಲ. 2002ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ, ಆನ್‌ಲೈನ್ ಪಾಠ ನಡೆಸಲು ಬಳಸುವ ಮೂಡಲ್ ಎಂಬ ಮುಕ್ತ ತಂತ್ರಾಂಶವನ್ನು ನೋಡಬಹುದು. ಒಂದು ಪಾಠ ಮುಗಿಯದೆ ಇನ್ನೊಂದು ತೆರೆಯಬಾರದು ಎಂಬ ನಿರ್ಬಂಧವನ್ನು ಅದರಲ್ಲಿ ಅಧ್ಯಾಪಕರು ತಾವಾಗಿ ಹಾಕಬೇಕು, ಹಾಕದಿದ್ದರೆ ಎಲ್ಲ ಪಾಠಗಳೂ ತೆರೆದೇ ಇರುತ್ತವೆ. ಒಬ್ಬ ವಿದ್ಯಾರ್ಥಿಗೆ ಅಥವಾ ಒಂದು ಗುಂಪಿಗೆ ಮಾತ್ರ ಗಡುವು ಮುಂದೂಡುವ, ಕಿರುಪರೀಕ್ಷೆಗೆ ಹೆಚ್ಚು ಸಮಯ ಕೊಡುವ ವ್ಯವಸ್ಥೆಯೂ ಅದರಲ್ಲಿದೆ. ವಿಡಿಯೊದ ವೇಗವನ್ನು ಬದಲಿಸುವ ಸೌಲಭ್ಯವಂತೂ ಇಂದಿನ ಬ್ರೌಸರುಗಳಲ್ಲಿ ಹುಟ್ಟಿನಿಂದಲೇ ಇರುವಂಥದ್ದು, ಅದನ್ನು ತೆಗೆದುಹಾಕಲು ಯಾರಾದರೂ ಬೇಕೆಂದೇ ಕೆಲಸ ಮಾಡಬೇಕು. ಅಂದರೆ ಮುಂದೆ ಹೋಗಲು ಬಿಡದ, ಹಿಂದೆ ಬರಲು ಬಿಡದ ಪಾಠವೊಂದರ ಹಿಂದೆ ಎಲ್ಲೋ ಕುಳಿತು ಹಾಗೆ ನಿರ್ಧರಿಸಿದ ಒಬ್ಬ ವ್ಯಕ್ತಿ ಅಥವಾ ಸಮಿತಿ ಇದ್ದೇ ಇರುತ್ತದೆ. ಆ ನಿರ್ಧಾರವನ್ನು ಬದಲಿಸಲೂ ಸಾಧ್ಯ.

ಗ್ರಂಥಾಲಯದವರಾದ ನಮಗೆ ಈ ಜಗಳ ಹೊಸದಲ್ಲ. ಒಂದು ಕಾಲದಲ್ಲಿ ನಮ್ಮ ದೇಶದ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಬೀಗ ಹಾಕಿದ ಕಪಾಟುಗಳಲ್ಲಿಟ್ಟು, ಓದುಗರು ಚೀಟಿ ಬರೆದುಕೊಟ್ಟರೆ ನೌಕರರು ತಂದುಕೊಡುವ ಪದ್ಧತಿ ಇತ್ತು. ಭಾರತದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು, ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕು ಎಂಬುದು. ಕಪಾಟುಗಳನ್ನು ತೆರೆದಿಟ್ಟು ಓದುಗರೇ ಕೈಯಾರೆ ಹುಡುಕಿ ತೆಗೆದುಕೊಳ್ಳಲು ಬಿಡಬೇಕೆಂದು ಅವರು ಬಲವಾಗಿ ಪ್ರತಿಪಾದಿಸಿದರು. ಹಾಗೆ ಬಿಟ್ಟರೆ ಪುಸ್ತಕ ಕಳೆಯುತ್ತದೆ, ಜಾಗ ತಪ್ಪುತ್ತದೆ ಎಂಬ ಆಕ್ಷೇಪ ತೆರೆದ ಕಪಾಟಿಗೆ ಎಲ್ಲ ಕಾಲಕ್ಕೂ ಇದೆ. ಜಾಗ ತಪ್ಪಿದ ಪುಸ್ತಕವನ್ನು ಮತ್ತೆ ಸ್ವಸ್ಥಾನಕ್ಕೆ ಸೇರಿಸುವುದು ನನ್ನ ದಿನನಿತ್ಯದ ಕೆಲಸ. ಓದುಗರೊಬ್ಬರು ತಾವು ಹುಡುಕುತ್ತಿದ್ದ ಪುಸ್ತಕದ ಪಕ್ಕದಲ್ಲಿ ಇನ್ನೂ ಒಳ್ಳೆಯದೊಂದನ್ನು ಕಂಡು ತೆಗೆದುಕೊಂಡು ಹೋಗುವುದನ್ನು ನೋಡಿದವರು ಆ ಶ್ರಮವನ್ನು ದೊಡ್ಡದೆಂದು ಎಣಿಸುವುದಿಲ್ಲ. ಆನ್‌ಲೈನ್ ಪಾಠದಲ್ಲಿ ನಾವು ಪುನಃ ಬೀಗದ ಕಪಾಟಿಗೆ ಮರಳಿದ್ದೇವೆ ಎಂಬುದು ನನ್ನ ನೋವು.

ಕಲಿಯುವವರ ಕೈಗೆ ವೇಗದ ಹಿಡಿತ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ರಿಚರ್ಡ್ ಮೇಯರ್ ಮತ್ತು ಆಸ್ಟ್ರೇಲಿಯಾದ ಪಾಲ್ ಚಾಂಡ್ಲರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿಂಚು ಹೇಗೆ ಉಂಟಾಗುತ್ತದೆ ಎಂಬುದನ್ನು ವಿವರಿಸುವ ಒಂದು ಪುಟ್ಟ ಅನಿಮೇಷನ್ನನ್ನು 16 ತುಂಡುಗಳಾಗಿ ಮಾಡಲಾಗಿತ್ತು. ಒಂದು ಗುಂಪಿನವರು ಅದನ್ನು ಒಂದೇ ಓಟದಲ್ಲಿ ನೋಡಿದರು. ಇನ್ನೊಂದು ಗುಂಪಿನವರಿಗೆ ಪ್ರತಿ ತುಂಡಿನ ಕೊನೆಯಲ್ಲಿ ಒಂದು ಗುಂಡಿ ಇತ್ತು, ತಮಗೆ ತಿಳಿಯಿತು ಎನಿಸಿದಾಗ ಅದನ್ನು ಒತ್ತಿ ಮುಂದೆ ಹೋಗಬಹುದಿತ್ತು. ಚಿತ್ರ ಅದೇ, ಮಾತೂ ಅದೇ. ಆದರೂ ಕಲಿತದ್ದನ್ನು ಹೊಸ ಪ್ರಶ್ನೆಗೆ ಅನ್ವಯಿಸಿ ಉತ್ತರಿಸಬೇಕಾದಾಗ ಗುಂಡಿ ಇದ್ದವರು ಮುಂದಿದ್ದರು. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಸ್ವಲ್ಪವನ್ನೇ, ಅದು ಒಳಗಿಳಿಯುವ ಮೊದಲೇ ಇನ್ನಷ್ಟು ಬಂದು ಬಿದ್ದರೆ ಮೊದಲಿನದೂ ಹೋಗುತ್ತದೆ ಎಂಬುದು ಇದಕ್ಕೆ ಅವರು ಕೊಡುವ ಕಾರಣ. ಒಂದು ಗುಂಡಿಯಿಂದ ಇಷ್ಟು ವ್ಯತ್ಯಾಸ ಆಗುವುದಾದರೆ, ಇರುವ ಗುಂಡಿಯನ್ನೇ ಕಿತ್ತುಹಾಕಿದ ಪಾಠಗಳಿಂದ ನಾವು ಎಷ್ಟು ಕಳೆದುಕೊಳ್ಳುತ್ತಿದ್ದೇವೆ ಎಂದು ಪಾಠ ಮಾಡಿಸುವವರು ಯೋಚಿಸಬೇಕು.

ಇದಕ್ಕೆ ಎದುರಾಗಿ ಬರುವ ವಾದವನ್ನೂ ನಾನು ಗೌರವದಿಂದಲೇ ನೋಡುತ್ತೇನೆ. ಎಲ್ಲವನ್ನೂ ವಿದ್ಯಾರ್ಥಿಗಳಿಗೆ ಬಿಟ್ಟರೆ ಮುಂದೂಡುತ್ತಲೇ ಹೋಗುತ್ತಾರೆ, ಕಷ್ಟದ್ದನ್ನು ಬಿಟ್ಟು ಸುಲಭದ್ದನ್ನಷ್ಟೇ ನೋಡುತ್ತಾರೆ ಎಂದು ಅಧ್ಯಾಪಕರು ಹೇಳುತ್ತಾರೆ. ಇದು ಸುಳ್ಳಲ್ಲ. ಫ್ರೆಡ್ ಕೆಲ್ಲರ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ಬ್ರೆಜಿಲ್‌ನ ಬ್ರಸೀಲಿಯಾ ವಿಶ್ವವಿದ್ಯಾಲಯದ ಸಹೋದ್ಯೋಗಿಗಳ ಜೊತೆ ಸೇರಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ವೇಗದಲ್ಲಿ ಕಲಿತು, ಒಂದು ಘಟಕವನ್ನು ಪೂರ್ತಿ ಅರಗಿಸಿಕೊಂಡ ಮೇಲೆ ಮುಂದಿನದಕ್ಕೆ ಹೋಗುವ ಪದ್ಧತಿಯನ್ನು ರೂಪಿಸಿದ್ದರು. ಅದರಲ್ಲಿ ಕಲಿತವರು ಚೆನ್ನಾಗಿ ಕಲಿತರು, ಆದರೆ ನಾಳೆ ಮಾಡಿದರಾಯಿತು ಎಂದು ಮುಂದೂಡಿದವರೂ ಬಹಳವಿದ್ದರು, ಆ ಪದ್ಧತಿಗೆ ಅದೇ ದೊಡ್ಡ ತೊಡಕಾಯಿತು. ಇನ್ನೊಂದು ವಿಷಯವೂ ಇದೆ. ತಮಗೆ ಎಷ್ಟು ಗೊತ್ತಿದೆ ಎಂದು ಅಳೆಯುವುದರಲ್ಲಿ ಕಲಿಯುವವರು ಎಡವುತ್ತಾರೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದು ಗದ್ಯವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳಿಗೆ ಅದು ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿತ್ತು. ಒಂದು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡವರು ಮಾತ್ರ, ಓದಿದ್ದನ್ನು ಮುಚ್ಚಿಟ್ಟು ನೆನಪಿನಿಂದ ಬರೆದು ನೋಡಿದವರು. ನಮ್ಮ ಕೇಂದ್ರದಲ್ಲಿಯೂ ಇದು ಕಾಣುತ್ತದೆ. ಒಂದೇ ವಿಡಿಯೊವನ್ನು ಪುನಃ ಪುನಃ ನೋಡಿ ತಲೆದೂಗುವವರಿಗೆ ಒಂದು ಲೆಕ್ಕ ಕೊಟ್ಟರೆ ಪೆನ್ನು ನಿಂತುಬಿಡುತ್ತದೆ.

ಇದರಿಂದ ನಾನು ತೆಗೆದುಕೊಳ್ಳುವ ತೀರ್ಮಾನ ಹಿಡಿತವನ್ನು ಕಿತ್ತುಕೊಳ್ಳಬೇಕು ಎಂಬುದಲ್ಲ. ಹಿಡಿತದ ಜೊತೆಗೆ ತಿಳಿವಳಿಕೆಯನ್ನೂ ಕೊಡಬೇಕು. ಪಾಠದ ಮೊದಲಿಗೆ ನಾಲ್ಕೈದು ಪ್ರಶ್ನೆಗಳಿರಲಿ, ಅವುಗಳಿಗೆ ಸರಿಯಾಗಿ ಉತ್ತರಿಸಿದವರಿಗೆ 'ಈ ಭಾಗ ನಿಮಗೆ ಗೊತ್ತಿದೆ, ಬೇಕಿದ್ದರೆ ದಾಟಬಹುದು' ಎಂದು ಯಂತ್ರ ಹೇಳಲಿ, ತಪ್ಪಿದವರಿಗೆ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ನೋಡಬೇಕು ಎಂದು ತೋರಿಸಲಿ. ತೀರ್ಮಾನ ಮಾತ್ರ ಅವರದೇ ಆಗಿರಲಿ. ಮೇಲೆ ಹೇಳಿದ ಕಾರ್ಯಕರ್ತೆ ಓಆರ್‌ಎಸ್ ಪ್ರಶ್ನೆಗಳಿಗೆ ಕ್ಷಣದಲ್ಲಿ ಉತ್ತರಿಸಿ, ಉಳಿದ ಸಮಯವನ್ನೆಲ್ಲ ಆ ನಮೂನೆಗೆ ಕೊಡುತ್ತಿದ್ದರು. ಕೆಲ್ಲರ್ ಪದ್ಧತಿಯಲ್ಲಿಯೂ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಟ್ಟಿರಲಿಲ್ಲ. ಪ್ರತಿ ಘಟಕದ ಕೊನೆಗೆ ಅವನ ಉತ್ತರಗಳನ್ನು ಕೂಡಲೇ ನೋಡಿ, ಎಲ್ಲಿ ತಪ್ಪಿದೆ ಎಂದು ಮಾತಾಡುವ ಹಿರಿಯ ವಿದ್ಯಾರ್ಥಿಗಳು ಇರುತ್ತಿದ್ದರು. ಮುಂದೂಡುವವರಿಗೆ ಬೇಕಾದದ್ದು ಅಂಥ ಒಬ್ಬ ಮನುಷ್ಯ. ವಾರಕ್ಕೊಮ್ಮೆ 'ಎಲ್ಲಿಗೆ ಬಂತು ಮಾರಾಯ' ಎಂದು ಕೇಳುವವರಿದ್ದರೆ ಎಷ್ಟೋ ಮಂದಿ ದಡ ಸೇರುತ್ತಾರೆ.

ಗಡುವನ್ನು ಇಟ್ಟುಕೊಂಡೇ ಆಯ್ಕೆಯನ್ನು ಹೇಗೆ ಕೊಡಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಮಾದರಿ ಇದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಕೋರ್ಸುಗಳ ಯೋಜನೆಯಾದ ಎನ್‌ಪಿಟಿಇಎಲ್‌ನಲ್ಲಿ 12 ವಾರಗಳ ಕೋರ್ಸಿಗೆ ವಾರಕ್ಕೊಂದರಂತೆ ಅಸೈನ್‌ಮೆಂಟ್ ಇರುತ್ತದೆ. ಅಂತಿಮ ಅಂಕಕ್ಕೆ ಅವುಗಳ ಪಾಲು ಶೇ 25. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು 12ರಲ್ಲಿ ಅತ್ಯುತ್ತಮವಾದ 8ನ್ನು ಮಾತ್ರ. ಉಳಿದ ನಾಲ್ಕು ವಾರ ಜ್ವರ ಬಂದಿರಬಹುದು, ಅಡಿಕೆ ಕೊಯ್ಲು ಇರಬಹುದು, ವಾರಗಟ್ಟಲೆ ಕರೆಂಟ್ ಇಲ್ಲದಿರಬಹುದು, ಯಾರೂ ಕಾರಣ ಕೇಳುವುದಿಲ್ಲ. ಒಂದು ಸಣ್ಣ ನಿಯಮ ಕಲಿಯುವವರ ಬದುಕಿನ ಏರುಪೇರಿಗೆ ಎಷ್ಟು ಜಾಗ ಮಾಡಿಕೊಟ್ಟಿದೆ ನೋಡಿ! ಅಲ್ಲಿನ ವಿಡಿಯೊಗಳು ಯೂಟ್ಯೂಬಿನಲ್ಲಿಯೂ ಸಿಗುವುದರಿಂದ ಹಿಂದೆ ಮುಂದೆ ಸರಿಸಲು, ವೇಗ ಬದಲಿಸಲು ಅಡ್ಡಿಯಿಲ್ಲ. ಶಾಲಾ ಮಟ್ಟದಲ್ಲಿ 2017ರಲ್ಲಿ ಆರಂಭವಾದ ದೀಕ್ಷಾ ಆ್ಯಪ್‌ನಲ್ಲಿಯೂ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತೆರೆದ ಪಾಠವನ್ನು ಮೊಬೈಲಿಗೆ ಇಳಿಸಿಟ್ಟುಕೊಂಡು ನೆಟ್‌ವರ್ಕ್ ಇಲ್ಲದೆ ನೋಡಬಹುದು. ಇವು ಆಗುವ ಕೆಲಸಗಳು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ವಿಶ್ವವಿದ್ಯಾಲಯಗಳ ಮಟ್ಟಿಗೆ ಇದು ಇನ್ನಷ್ಟು ತುರ್ತಿನ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮಾವಳಿ ಪ್ರಕಾರ ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಕೋರ್ಸುಗಳ ವೇದಿಕೆಯ ಮೂಲಕ ಆನ್‌ಲೈನ್‌ನಲ್ಲೇ ಮುಗಿಸಲು ಅವಕಾಶವಿದೆ. 2016ರ ನಿಯಮದಲ್ಲಿ ಅದು ಶೇ 20 ಇತ್ತು. ಪದವಿಯ ಇಷ್ಟು ದೊಡ್ಡ ಭಾಗ ಆನ್‌ಲೈನ್‌ಗೆ ಹೋಗಬಹುದಾದಾಗ, ಆ ಪಾಠವನ್ನು ಕಲಿಯುವವರು ಹೇಗೆ ಬಳಸಬಹುದು ಎಂಬುದನ್ನು ತಯಾರಕರ ಇಷ್ಟಕ್ಕೆ ಬಿಡುವುದು ಸರಿಯಲ್ಲ.

ಇಳಿಸಿಕೊಳ್ಳುವ ಹಕ್ಕಿನ ಬಗ್ಗೆ ಸ್ವಲ್ಪ ಲೆಕ್ಕ ಹೇಳಬೇಕು. ಸೆಕೆಂಡಿಗೆ ಹತ್ತು ಲಕ್ಷ ಬಿಟ್ ಗಾತ್ರದ ಸಾಧಾರಣ ವಿಡಿಯೊ ಒಂದು ಗಂಟೆಗೆ 450 ಎಂಬಿ ಡೇಟಾ ತಿನ್ನುತ್ತದೆ. ಅದರ ಧ್ವನಿಯನ್ನಷ್ಟೇ 64 ಸಾವಿರ ಬಿಟ್ ಗುಣಮಟ್ಟದಲ್ಲಿ ಕೊಟ್ಟರೆ ಗಂಟೆಗೆ 29 ಎಂಬಿ ಸಾಕು. ಪಾಠದ ಬರಹರೂಪವಂತೂ ಅದರ ಒಂದು ಸಣ್ಣ ಚೂರು. ಚಿತ್ರ ಬೇಕೇ, ಧ್ವನಿ ಸಾಕೇ, ಬರಹ ಸಾಕೇ ಎಂಬ ಆಯ್ಕೆ ಕಲಿಯುವವರಿಗೆ ಇದ್ದರೆ ರೀಚಾರ್ಜಿನ ಖರ್ಚೂ ಉಳಿಯುತ್ತದೆ, ಕಲಿಯುವ ಹೊತ್ತೂ ಸಿಗುತ್ತದೆ. ಸುಗ್ಗಿಯ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಇತಿಹಾಸದ ಪಾಠ ಕೇಳಿ ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿರುವ ಗೃಹಿಣಿಯೊಬ್ಬರು ನಮ್ಮೂರಲ್ಲಿದ್ದಾರೆ. ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಪಾಠಗಳ ಧ್ವನಿಯನ್ನು ತುಂಬಿಸಿಕೊಂಡು ಹೋಗುತ್ತಾರೆ. ಎರಡೂ ಕೈಗೆ ಕೆಲಸವಿರುವ ಆ ಮೂರು ಗಂಟೆಯೇ ಅವರ ತರಗತಿ. ಪರದೆಯ ಮುಂದೆ ಕದಲದೆ ಕೂತಿದ್ದಾರೆಯೇ ಎಂದು ಕ್ಯಾಮೆರಾದಿಂದ ಪರೀಕ್ಷಿಸುವ, ಬೇರೆ ಕಿಟಕಿ ತೆರೆದರೆ ಪಾಠ ನಿಲ್ಲಿಸುವ ವ್ಯವಸ್ಥೆಯಲ್ಲಿ ಇಂಥವರು ಕಲಿಯುವವರೆಂದೇ ಗಣನೆಗೆ ಬರುವುದಿಲ್ಲ.

ಭಾಷೆಯ ಹಿಡಿತವೂ ಇದರಲ್ಲಿ ಸೇರಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಹೋದ ಮಕ್ಕಳು ಇಂಗ್ಲಿಷಿನ ಪಾಠವನ್ನು ಅರ್ಧ ವೇಗದಲ್ಲಿ, ಅಡಿಬರಹ ನೋಡುತ್ತ, ನಡುವೆ ನಿಲ್ಲಿಸಿ ಪದ ಬರೆದುಕೊಳ್ಳುತ್ತ ಕಲಿಯುತ್ತಾರೆ. ಅವರಲ್ಲಿ ಮನೆಯಲ್ಲಿ ಕೊಂಕಣಿಯನ್ನೋ ಮರಾಠಿಯನ್ನೋ ಆಡುವವರಿಗೆ ಕನ್ನಡವೇ ಎರಡನೆಯ ಭಾಷೆ. ಕನ್ನಡ ಅಡಿಬರಹ ಹಾಕಿಕೊಳ್ಳುವ, ತೆಗೆಯುವ, ಮಾತನ್ನು ನಿಧಾನಿಸುವ ಅವಕಾಶವಿಲ್ಲದ ಪಾಠ ಅವರ ಪಾಲಿಗೆ ಮುಚ್ಚಿದ ಪಾಠವೇ. ಕಿವಿ ಕೇಳಿಸದವರು, ದೃಷ್ಟಿ ಮಂದವಿರುವವರು, ಕೈಬೆರಳು ನಿಧಾನವಾಗಿ ಆಡುವವರು ಇದನ್ನು ಇನ್ನೂ ಕಠಿಣವಾಗಿ ಅನುಭವಿಸುತ್ತಾರೆ. ಭಾರತ ಸರ್ಕಾರದ ಜಾಲತಾಣಗಳಿಗಾಗಿ ಇರುವ ಮಾರ್ಗಸೂಚಿಗೆ ಆಧಾರವಾಗಿರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಸಮಯದ ಮಿತಿ ಇರುವಲ್ಲಿ ಬಳಸುವವರು ಅದನ್ನು ತೆಗೆದುಹಾಕಲು, ಕನಿಷ್ಠ ಹತ್ತು ಪಟ್ಟಿನವರೆಗೆ ಹೆಚ್ಚಿಸಿಕೊಳ್ಳಲು ಅಥವಾ ಮುಗಿಯುವ ಮೊದಲು ವಿಸ್ತರಿಸಿಕೊಳ್ಳಲು ಅವಕಾಶವಿರಬೇಕು ಎಂಬ ನಿಯಮ ಆರಂಭಿಕ ಹಂತದಲ್ಲೇ ಇದೆ. ಸಮಯವೇ ಮುಖ್ಯವಾಗಿರುವ ಪರೀಕ್ಷೆಯಂಥ ಸಂದರ್ಭಕ್ಕೆ ವಿನಾಯಿತಿ ಇದೆ, ಅದನ್ನು ಒಪ್ಪೋಣ. ಅಭ್ಯಾಸದ ಪ್ರಶ್ನೆಗಳಿಗೂ ಅರವತ್ತು ಸೆಕೆಂಡಿನ ಗಡಿಯಾರ ಓಡಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹಾಗೆಯೇ ಅಭ್ಯಾಸದಲ್ಲಿ ಮಾಡಿದ ತಪ್ಪುಗಳ ದಾಖಲೆ ಕಲಿಯುವವರಿಗೆ ಕಾಣಬೇಕು. ಅವರು ಒಪ್ಪದೆ ಅದು ಮೇಲಧಿಕಾರಿಯ ವರದಿಗೆ ಹೋಗಬಾರದು. ತಪ್ಪು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ಗೊತ್ತಾದ ಕೂಡಲೇ ಜನ ಅಭ್ಯಾಸ ಮಾಡುವುದನ್ನು ಬಿಟ್ಟು ಸರಿ ಉತ್ತರ ಕೇಳಿ ತುಂಬಲು ಶುರು ಮಾಡುತ್ತಾರೆ.

ಚಿಕ್ಕ ಮಕ್ಕಳಿಗೆ ಈ ಎಲ್ಲ ಹಿಡಿತವನ್ನು ಒಮ್ಮೆಗೇ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಮೂರನೆಯ ತರಗತಿಯ ಮಗುವಿಗೆ ಪಾಠ ನಿಲ್ಲಿಸಿ ಮತ್ತೆ ನೋಡುವಷ್ಟು ಸಾಕು, ಯಾವುದನ್ನು ಮೊದಲು ಕಲಿಯಬೇಕು ಎಂಬುದನ್ನು ಶಿಕ್ಷಕರು ಹೇಳಬೇಕು. ಪ್ರೌಢಶಾಲೆಗೆ ಬಂದವರು ಒಂದು ಅಧ್ಯಾಯದೊಳಗಿನ ಕ್ರಮವನ್ನು ತಾವೇ ಆರಿಸಿಕೊಳ್ಳಬಲ್ಲರು. ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ವಿದ್ಯಾಗಮದಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ದೇವಸ್ಥಾನದ ಅಂಗಳದಲ್ಲಿ, ಮರದ ನೆರಳಲ್ಲಿ ಕಲಿಸಿದರು, ಯಾರ ಮನೆಯಲ್ಲಿ ಮೊಬೈಲ್ ಇದೆ, ಯಾರ ಮನೆಯಲ್ಲಿಲ್ಲ ಎಂದು ಮೊದಲು ತಿಳಿದುಕೊಂಡು ಗುಂಪು ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಗಿ ಬಂದರೂ, ಕಲಿಯುವವರ ಸ್ಥಿತಿಯನ್ನು ಮೊದಲು ನೋಡಿ ಆಮೇಲೆ ಪಾಠವನ್ನು ಹೊಂದಿಸುವ ಆ ಕ್ರಮ ಸರಿಯಾಗಿತ್ತು ಎಂದೇ ನಾನು ತಿಳಿದಿದ್ದೇನೆ. ಅದನ್ನು ಮಾಡಿದ ಶಿಕ್ಷಕರು ಇಂದಿಗೂ ನಮ್ಮ ನಡುವೆ ಇದ್ದಾರೆ, ಆನ್‌ಲೈನ್ ಪಾಠ ರೂಪಿಸುವವರು ಅವರನ್ನು ಕೇಳಿದರೆ ಸಾಕಷ್ಟು ತಿಳಿಯುತ್ತದೆ.

ಶಾಲಾ ಶಿಕ್ಷಣ ಇಲಾಖೆ, ವಿಶ್ವವಿದ್ಯಾಲಯಗಳು ಮತ್ತು ತರಬೇತಿ ನಡೆಸುವ ಇಲಾಖೆಗಳು ಮುಂದೆ ಯಾವುದೇ ಆನ್‌ಲೈನ್ ಪಾಠಕ್ಕೆ ಟೆಂಡರ್ ಕರೆಯುವಾಗ ನಿಲ್ಲಿಸುವ, ಹಿಂದೆ ಮುಂದೆ ಹೋಗುವ, ಇಳಿಸಿಕೊಳ್ಳುವ, ಗೊತ್ತಿರುವುದನ್ನು ಪ್ರಶ್ನೆಗೆ ಉತ್ತರಿಸಿ ದಾಟುವ ಅವಕಾಶಗಳನ್ನು ಷರತ್ತುಗಳಲ್ಲೇ ಬರೆಯಲಿ. ಜಿಲ್ಲಾಡಳಿತ ಮಳೆ ರಜೆ ಘೋಷಿಸಿದ ಜಿಲ್ಲೆಗೆ ಆ ದಿನದ ಗಡುವು ತಾನಾಗಿಯೇ ಮುಂದೆ ಹೋಗುವಂತೆ ಮಾಡಲಿ. ಈಗಾಗಲೇ ನಡೆಯುತ್ತಿರುವ ಕೋರ್ಸುಗಳಲ್ಲಿ ಅನಗತ್ಯ ಬೀಗಗಳನ್ನು ತೆಗೆಯಲು ಹಣ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು. ಹೊಸ ಪಾಠವನ್ನು ಅಂಗೀಕರಿಸುವ ಮುನ್ನ, ಅದನ್ನು ಬಳಸಬೇಕಾದವರ ಕೈಗೇ ಕೊಟ್ಟು, ಘಟ್ಟದ ಒಂದು ಹಳ್ಳಿಯಲ್ಲಿ ಮತ್ತು ಕರಾವಳಿಯ ಒಂದು ಹಳ್ಳಿಯಲ್ಲಿ, ಜುಲೈ ತಿಂಗಳಲ್ಲಿ, ಒಂದು ವಾರ ಪರೀಕ್ಷಿಸಿ ನೋಡಲಿ. ಎಲ್ಲಿ ಸಿಕ್ಕಿಕೊಂಡರು, ಎಷ್ಟು ಸಲ ಮೊದಲಿನಿಂದ ಶುರು ಮಾಡಬೇಕಾಯಿತು, ಯಾವ ಭಾಗವನ್ನು ಮತ್ತೆ ಕೇಳಿದರು ಎಂಬುದನ್ನು ಬರೆದಿಟ್ಟುಕೊಡುವ ಕೆಲಸವನ್ನು ನಮ್ಮಂಥ ಅರಿವು ಕೇಂದ್ರಗಳ ಮೇಲ್ವಿಚಾರಕರಿಗೆ ವಹಿಸಬಹುದು. ನಮ್ಮ ಕೇಂದ್ರದ ಮಟ್ಟಿಗೆ ಆ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ.

ಇಂತಿ,
ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕಿ
ಶಿರಸಿ ತಾಲ್ಲೂಕು, ಉತ್ತರ ಕನ್ನಡ